ಕಾರ್ಡಿನಲ್ಲಿ ಎದ್ದು ನಿಂತವಳು

ಜುಲೈ ೧೯

ಪ್ರೀತಿಯ ಅಮ್ಮ,

ಮೊದಲೇ ಹೇಳಿಬಿಡುತ್ತೇನೆ: ಚೆನ್ನಾಗಿದ್ದೇನೆ, ಊಟ ಮಾಡುತ್ತಿದ್ದೇನೆ, ನಿದ್ದೆ ಬರುತ್ತಿದೆ. ನಿನ್ನ ಮೂರೂ ಪ್ರಶ್ನೆ ಮುಗಿದವಲ್ಲ? ಈಗ ವಿಷಯಕ್ಕೆ ಬರುತ್ತೇನೆ. ನನ್ನ ಹತ್ತಿರ ಒಂದು ಮೆಶಿನ್ ಇದೆ!

ಗಾಬರಿಯಾಗಬೇಡ, ದೊಡ್ಡದೇನಲ್ಲ. ನಿನ್ನ ಹೊಲಿಗೆ ಯಂತ್ರದ ಅರ್ಧದಷ್ಟೂ ಇಲ್ಲ. ಕೋರ್ಸ್ ಮುಗಿಸಿದ ಸೀನಿಯರ್ ಒಬ್ಬಳು ರೂಮು ಖಾಲಿ ಮಾಡುತ್ತಾ ಕಾರಿಡಾರಿನಲ್ಲಿ ನಿಂತು, "ಇದನ್ನ ಹೊತ್ಕೊಂಡು ಹೋಗೋ ಶಕ್ತಿ ನನಗಿಲ್ಲ, ಯಾರಿಗೆ ಬೇಕು?" ಎಂದು ಕೂಗಿದಳು. ನಾನು ಕೈ ಎತ್ತಿದೆ. ನಾನು, ಅಮ್ಮ! ಕ್ಲಾಸಿನಲ್ಲಿ ಹಾಜರಿ ಕರೆಯುವಾಗ "ಪ್ರೆಸೆಂಟ್" ಎನ್ನುವುದನ್ನು ಮನಸ್ಸಿನಲ್ಲಿ ಹತ್ತು ಸಲ ಪ್ರಾಕ್ಟೀಸ್ ಮಾಡಿ, ಕೊನೆಗೂ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ ಎನ್ನುವವಳು ಎಲ್ಲರಿಗಿಂತ ಮೊದಲು ಕೈ ಎತ್ತಿದೆ.

ಅದಕ್ಕೆ ಒಂದು ಹಿಡಿ, ಒಳಗೆ ಎರಡು ರೋಲರ್. ಜೊತೆಗೆ ಒಂದು ಡಬ್ಬಿ ತುಂಬ ಡೈಗಳು. ಡೈ ಎಂದರೆ ತೆಳ್ಳನೆಯ ಲೋಹದ ಅಚ್ಚು, ಬಿಸ್ಕೆಟ್ ಕತ್ತರಿಸುವ ಅಚ್ಚಿನ ಚಿಕ್ಕ ತಮ್ಮ ಅಂದುಕೋ, ಅಂಚು ಮಾತ್ರ ಬ್ಲೇಡಿನಷ್ಟು ಚೂಪು. ದಪ್ಪ ಕಾಗದದ ಮೇಲೆ ಅದನ್ನಿಟ್ಟು, ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಹಲಗೆ ಸೇರಿಸಿ, ಹಿಡಿ ತಿರುಗಿಸಿದರೆ ಕಟಕಟ ಎಂದು ನರಳುತ್ತಾ ಒಳಗೆ ಹೋಗುತ್ತದೆ. ಆಚೆ ಬಂದಾಗ ಒಂದು ಎಲೆ! ಅಂಚು ಒಂದಿಷ್ಟೂ ಹರಿಯದ ಎಲೆ! ನನ್ನ ಡಬ್ಬಿಯಲ್ಲಿ ಎಲೆ, ಹನಿ, ಗಂಟೆಯ ಆಕಾರ, ಕೊಡೆ, ದೋಣಿ, ಮತ್ತೆ ಸಣ್ಣದರಿಂದ ದೊಡ್ಡದರವರೆಗೆ ವೃತ್ತಗಳು ಇವೆ. ಮನುಷ್ಯರ ಡೈ ಒಂದೂ ಇಲ್ಲ. ಪರವಾಗಿಲ್ಲ, ಮನುಷ್ಯರ ಜೊತೆ ನನಗೆ ಹೇಗೂ ಕಷ್ಟ.

ನನ್ನ ರೂಮ್‌ಮೇಟ್ ಹುಟ್ಟುಹಬ್ಬಕ್ಕೆ ಮೊದಲ ಕಾರ್ಡು ಮಾಡಿದೆ. ಅವಳನ್ನು ಎಲ್ಲರೂ ಪೆನ್ಸಿಲ್ ಎನ್ನುತ್ತಾರೆ, ಉದ್ದಕ್ಕೆ ತೆಳ್ಳಗೆ ಇದ್ದಾಳೆ. ಕಾರ್ಡು ತೆರೆದಳು, ಒಳಗಿಂದ ಕೊಡೆ ಎದ್ದು ನಿಂತಿತು, ಅವಳು "ಅಯ್ಯೋ!" ಎಂದು ಮುಚ್ಚಿದಳು. ಮತ್ತೆ ತೆರೆದಳು. ಮತ್ತೆ "ಅಯ್ಯೋ!" ಆಕ್ಚುಲಿ ಇಡೀ ಸಂಜೆ ಅದೇ ಆಯಿತು. ಈಗ ನಮ್ಮ ಮಹಡಿಯವರೆಲ್ಲ ನನಗೂ ಒಂದು, ನನಗೂ ಒಂದು ಎನ್ನುತ್ತಿದ್ದಾರೆ. ನಿನಗೊಂದು ಇದರೊಳಗೆ ಇಟ್ಟಿದ್ದೇನೆ. ನಿಧಾನ ತೆರೆ.

ನಿನ್ನ,
ಅಳಿಲು

ಜುಲೈ ೨೭

ಅಳಿಲೇ,

ನಿಧಾನ ತೆರೆ ಎಂದು ಕಾಗದದ ಕೊನೆಯಲ್ಲಿ ಬರೆದರೆ ಪ್ರಯೋಜನವೇನು? ನಾನು ಮೊದಲು ಕಾರ್ಡು ತೆರೆದೆ. ದೋಣಿ ಎದ್ದು ಮೂಗಿಗೇ ಬಂತು. ಕತ್ತರಿಸುತ್ತಿದ್ದ ಪರದೆಯ ಮೇಲೆ ಬಿದ್ದ ಕಾರ್ಡನ್ನು ಅಂಗಡಿಯವರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದರು. ನಮ್ಮ ಯಜಮಾನಿ ಅಂತೂ ಕನ್ನಡಕ ಏರಿಸಿ, "ಇದು ಮೆಶಿನ್ ಮಾಡಿದ್ದಾ, ಹುಡುಗಿ ಮಾಡಿದ್ದಾ?" ಎಂದು ವಿಚಾರಿಸಿದರು. "ಇಬ್ಬರೂ ಸೇರಿ" ಅಂದೆ. "ಹುಡುಗಿಗೆ ಕೈ ಇದೆ ಕಣ್ರೀ" ಅಂದರು. ಅವರ ಬಾಯಿಂದ ಇಷ್ಟು ಬಂದರೆ ಅದು ಚಿನ್ನದ ಪದಕ ಎಂದು ತಿಳಿ. ನನ್ನ ಹೊಲಿಗೆಗೆ ಇವತ್ತಿನವರೆಗೆ "ಹ್ಞೂಂ" ಬಿಟ್ಟು ಬೇರೆ ಬಂದಿಲ್ಲ.

ಹಾಜರಿಗೆ ಕಿರ್ ಎಂದರೂ ಹಾಜರಿ ಹಾಜರಿಯೇ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಇನ್ನೊಂದು ವಿಷಯ. ನನಗೆ ಗೊತ್ತಿರುವವರೊಬ್ಬರಿಗೆ ಮದುವೆ. ರಿಜಿಸ್ಟರ್ ಮದುವೆ, ಗಲಾಟೆ ಇಲ್ಲ, ಆಮೇಲೆ ಎಲ್ಲರಿಗೂ ಚಹಾ. ಒಂದಿಷ್ಟು ಕಾರ್ಡು ಬೇಕಂತೆ, ಕೈಯಲ್ಲೇ ಮಾಡಿದ್ದು, ತೆರೆದರೆ ಎದ್ದು ನಿಲ್ಲುವಂಥದ್ದು. ನಿನ್ನಿಂದ ಆಗುತ್ತದೆಯೇ? ಅವಸರವಿಲ್ಲ. ಹೆಸರು, ತಾರೀಖು ಎಲ್ಲ ಆಮೇಲೆ ಕೊಡುತ್ತಾರೆ. ಇಬ್ಬರೂ ಚಿಕ್ಕ ವಯಸ್ಸಿನವರಲ್ಲ ಎಂಬುದೊಂದು ನೆನಪಿರಲಿ. ನಗಬೇಡ.

ನಿನ್ನ ಅಮ್ಮ

ಜುಲೈ ೨೮

ಲಿಫ್ಟಿನವರಿಗೆ,

ನೀವು ಹೇಳಿದಂತೆಯೇ ನಿನ್ನೆ ಮಗಳಿಗೆ ಕಾಗದ ಬರೆಯಲು ಕೂತೆ. ನಿಮ್ಮ ವಿಷಯ ಬರೆಯಬೇಕಾದ ಜಾಗಕ್ಕೆ ಬಂದಾಗ ಏನಾಯಿತು ಗೊತ್ತೇ? ನಮ್ಮ ಕಟ್ಟಡದ ಲಿಫ್ಟಿನ ಹಾಗೆ ಎರಡನೇ ಮಹಡಿಗೂ ಮೂರನೇ ಮಹಡಿಗೂ ನಡುವೆ ನಿಂತುಬಿಟ್ಟೆ. ಗುಂಡಿ ಎಷ್ಟು ಒತ್ತಿದರೂ ಮೇಲೂ ಇಲ್ಲ, ಕೆಳಗೂ ಇಲ್ಲ. ಕೊನೆಗೆ ನಮ್ಮದೇ ಮದುವೆಯ ಕಾರ್ಡನ್ನು ಯಾರದೋ ಎಂದು ಅವಳಿಗೇ ಆರ್ಡರ್ ಕೊಟ್ಟು ಮುಗಿಸಿದೆ. ನಗಬೇಡಿ. ನೀವು ನಗುತ್ತೀರಿ ಎಂದು ಗೊತ್ತು.

ಅವಳಪ್ಪ ಹೋದಾಗ ಅವಳಿಗೆ ನಾಲ್ಕು ವರ್ಷ. ಮೊದಲ ಕ್ಲಾಸಿಗೇ ಹಾಸ್ಟೆಲಿಗೆ ಹಾಕಿದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಹೊಲಿಯುವವಳು ಮಗುವನ್ನು ಎಲ್ಲಿಡಲಿ? ಅವಳು ಯಾವತ್ತೂ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಉತ್ತರ ಇತ್ತು. ಕೇಳದೆ ಇರುವವಳಿಗೆ ಏನು ಹೇಳಲಿ? ಅದಕ್ಕೇ ಇದೊಂದು ಮಾತ್ರ ಸ್ಪಷ್ಟ ಮಾಡುತ್ತೇನೆ. ಅವಳು ಮನಸ್ಸಾರೆ ಹ್ಞೂಂ ಅಂದರೆ ಮದುವೆ. ಬೇಡ ಅಂದರೆ ನೀವು ಲಿಫ್ಟಿನವರು, ನಾನು ಪರದೆಯವಳು, ಅಷ್ಟೇ.

ಅಲ್ಲಿ ನೀವು ರಿಪೇರಿಗೆ ಹೋದ ಆಸ್ಪತ್ರೆಯ ಲಿಫ್ಟು ಹತ್ತುತ್ತಿದೆಯೇ? ಕೈಗವಸು ಹಾಕಿಕೊಂಡೇ ಕೆಲಸ ಮಾಡಿ.

ಪರದೆಯವಳು

ಆಗಸ್ಟ್ ೬

ಅಮ್ಮಾ!!

ಆಗುತ್ತದೆಯೇ ಎಂದರೇನು! ಕಾಗದ ಓದಿ ಹಾಸಿಗೆಯ ಮೇಲೆ ಹತ್ತಿ ಕುಣಿದೆ. ಕೆಳಗಿನ ರೂಮಿನವರು ಪೊರಕೆಯಿಂದ ಸೂರು ಕುಟ್ಟಿದರು. ನನ್ನ ಮೊದಲ ನಿಜವಾದ ಆರ್ಡರ್! ಆಮೇಲೆ ಟೆನ್ಶನ್ ಶುರುವಾಯಿತು. ಮದುವೆ ಕಾರ್ಡು ಅಂದರೆ ಜನ ಎತ್ತಿಡುತ್ತಾರೆ, ಅಲ್ಲವಾ? ಹುಟ್ಟುಹಬ್ಬದ ಕಾರ್ಡಿನ ಹಾಗೆ ಕಳೆಯುವುದಿಲ್ಲ. ಅಂಟು ಬಿಟ್ಟರೆ? ಮಡಿಕೆ ಸೊಟ್ಟಗಾದರೆ? ಪೆನ್ಸಿಲ್ ಹೇಳಿದಳು, "ನೀನು ಸಂತೋಷಕ್ಕೂ ಹೊಟ್ಟೆನೋವು ಬರಿಸ್ಕೊಳ್ತೀಯಲ್ಲೇ, ನಿನಗೆ ಬಹುಮಾನ ಕೊಡ್ಬೇಕು."

ಹೇಗೆ ಮಾಡುತ್ತೇನೆ ಕೇಳು. ಹೊರಗೆ ದಪ್ಪ ಬಿಳಿ ಕಾಗದ. ಇಂಕು ಮುಗಿದ ಪೆನ್ನಿನಿಂದ ಸ್ಕೇಲು ಹಿಡಿದು ಗೆರೆ ಒತ್ತಿ ಮಡಿಚಬೇಕು, ಇಲ್ಲದಿದ್ದರೆ ಮಡಿಕೆಯ ಹತ್ತಿರ ಕಾಗದ ಸಿಡಿಯುತ್ತದೆ. ಒಳಗೆ ಮಡಿಕೆಯ ಮೇಲೆ ಎರಡು ಸೀಳು ಕೊಟ್ಟು ಆ ಪಟ್ಟಿಯನ್ನು ಮುಂದಕ್ಕೆ ತಳ್ಳಿದರೆ ಪುಟ್ಟ ಮೆಟ್ಟಿಲು. ಆ ಮೆಟ್ಟಿಲಿಗೆ ಹುಡುಗ ಹುಡುಗಿಯನ್ನು ಅಂಟಿಸಿದರೆ, ತೆರೆದಾಗ ಎದ್ದು ನಿಲ್ಲುತ್ತಾರೆ, ಮುಚ್ಚಿದಾಗ ಮಲಗುತ್ತಾರೆ. ಸುತ್ತಲೂ ಎಲೆಗಳ ಮೊಹರು. ರಬ್ಬರಿನಲ್ಲಿ ನಾನೇ ಕೆತ್ತಿದ್ದು, ಹಸಿರು ಇಂಕು.

ಮನುಷ್ಯರ ಡೈ ಇಲ್ಲ ಅಂದಿದ್ದೆನಲ್ಲ, ದಾರಿ ಸಿಕ್ಕಿತು! ಗಂಟೆಯ ಆಕಾರ ಹುಡುಗಿಯ ಉಡುಪಾಯಿತು, ವೃತ್ತ ತಲೆ, ಹನಿಯ ಆಕಾರವನ್ನು ತಲೆಕೆಳಗು ಮಾಡಿದರೆ ಉದ್ದ ಜಡೆ. ಹುಡುಗನಿಗೆ ದೋಣಿಯನ್ನು ನಿಲ್ಲಿಸಿ ಎರಡೂ ತುದಿ ಕತ್ತರಿಸಿದೆ, ಒಳ್ಳೆ ಕೋಟು ಆಯಿತು. ಒಂದು ಸ್ಯಾಂಪಲ್ ಕಳಿಸಿದ್ದೇನೆ. ಅದರಲ್ಲಿ ಒಂದು ಎಡವಟ್ಟಾಗಿದೆ, ಸಾರಿ. ಹುಡುಗಿಯ ಎತ್ತರ ಲೆಕ್ಕ ಹಾಕುವಾಗ ಮೆಟ್ಟಿಲಿನ ಅಗಲವನ್ನು ಸೇರಿಸುವುದು ಮರೆತೆ. ಹಾಗಾಗಿ ಕಾರ್ಡು ಮುಚ್ಚಿದರೂ ಅವಳ ತಲೆ ಮಾತ್ರ ಹೊರಗೆ ಇಣುಕುತ್ತದೆ, ಬಸ್ಸಿನ ಕಿಟಕಿಯಿಂದ ಇಣುಕಿದ ಹಾಗೆ. ಒಳಗೆ ಏನಿದೆ ಎಂಬುದನ್ನು ಹೊರಗೇ ಹೇಳಿಬಿಡುತ್ತಾಳೆ! ಸರಿ ಮಾಡುತ್ತೇನೆ.

ಅದಕ್ಕೆ ಅಳತೆ ಬೇಕು. ಮದುಮಗಳು ಎತ್ತರವೋ ಗಿಡ್ಡವೋ? ಕೂದಲು ಹೇಗಿದೆ? ಮದುಮಗ ಹೇಗಿದ್ದಾರೆ? ವಯಸ್ಸಾದವರು ಅಂದೆಯಲ್ಲ, ಎಲ್ಲರ ಕಾರ್ಡಿನಲ್ಲೂ ಇರುವ ಒಂದೇ ಥರದ ಗೊಂಬೆ ನನಗೆ ಬೇಡ. ನೋಡಿದವರು ಇವರೇ ಎನ್ನಬೇಕು.

ಇನ್ನೊಂದು ಐಡಿಯಾ ಬಂದಿದೆ. ಓದು ಮುಗಿದು ಕೆಲಸ ಸಿಕ್ಕ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿರುತ್ತೇವಲ್ಲ, ಆಗ ಬಾಗಿಲಿಗೆ ಕಾರ್ಡಿನದೇ ಬೋರ್ಡು ಮಾಡುತ್ತೇನೆ. ನೀನು, ನಾನು, ಬೇರೆ ಯಾರೂ ಇಲ್ಲ. ವಾರ್ಡನ್ ಇಲ್ಲ, ಗಂಟೆ ಇಲ್ಲ, ರಜೆ ಮುಗಿಯುವುದೂ ಇಲ್ಲ. ಬೇಗ ಬರೆ!

ನಿನ್ನ,
ಅಳಿಲು

ಆಗಸ್ಟ್ ೨೪

ಅಳಿಲೇ,

ಕಾಗದ ತಡವಾಯಿತು. ಹೋಟೆಲೊಂದಕ್ಕೆ ಅರವತ್ತು ಕಿಟಕಿಯ ಪರದೆ ಬಂದಿತ್ತು, ತಲೆ ಎತ್ತಲು ಬಿಡುವಿರಲಿಲ್ಲ. ಪೂರಾ ನಿಜ ಹೇಳಬೇಕೆಂದರೆ ಬಿಡುವಿತ್ತು. ಏನು ಬರೆಯಬೇಕೆಂದು ತಿಳಿಯಲಿಲ್ಲ.

ಸ್ಯಾಂಪಲ್ ನೋಡಿದೆ. ತಲೆ ಹೊರಗೆ ಹಾಕಿದವಳನ್ನು ಕಂಡು ಬಹಳ ನಕ್ಕೆ. ಆಮೇಲೆ ಅವಳನ್ನು ಒಳಗೆ ತಳ್ಳಲು ನೋಡಿದೆ, ಹೋಗಲೇ ಇಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಮದುಮಗಳಿಗೆ ಅಷ್ಟು ಉದ್ದ ಜಡೆ ಇಲ್ಲ. ಕೂದಲು ಗಿಡ್ಡ, ಹಿಂದೆ ಸಣ್ಣ ಗಂಟು, ಮುಂದೆ ಹಣೆಯ ಹತ್ತಿರ ಒಂದು ಬೆರಳಷ್ಟು ಬೆಳ್ಳಗಾಗಿದೆ. ಸೊಂಟ ನೀನು ಕತ್ತರಿಸಿದಷ್ಟು ಸಣ್ಣ ಇಲ್ಲವೇ ಇಲ್ಲ, ಗಂಟೆಯ ದೊಡ್ಡ ಸೈಜು ಇದ್ದರೆ ಅದನ್ನೇ ಹಾಕು. ಕನ್ನಡಕವಿದೆ, ಮೂಗಿನ ತುದಿಗೆ ಜಾರಿದೆ. ಭಾರ ಹೊತ್ತು ಹೊತ್ತು ಎಡಗಡೆಯ ಭುಜ ತುಸು ಇಳಿದಿದೆ. ಚಂದ ಮಾಡಲು ಹೋಗಬೇಡ. ಇದ್ದ ಹಾಗೆ ಇರಲಿ.

ಮದುಮಗ ಅವಳಿಗಿಂತ ಎರಡು ಬೆರಳು ಗಿಡ್ಡ. ನೆತ್ತಿಯ ಮೇಲೆ ಕೂದಲಿಲ್ಲ, ಕಿವಿಯ ಮೇಲೆ ಬೇಕಾದಷ್ಟಿದೆ. ಮನುಷ್ಯ ಒಳ್ಳೆಯವರಂತೆ.

ಮನೆಯ ಬಾಗಿಲಿಗೆ ಬೋರ್ಡಿನ ವಿಷಯ ಓದಿದೆ, ಕಂದಾ. ಎರಡು ಸಲ ಓದಿದೆ.

ನಿನ್ನ ಅಮ್ಮ

ಸೆಪ್ಟೆಂಬರ್ ೧

ಪರದೆ ಮೇಡಂ ಅವರಿಗೆ,

ನಾನು ಗಿಡ್ಡ, ನೆತ್ತಿಯ ಮೇಲೆ ಕೂದಲಿಲ್ಲ ಎಂದು ಅವಳಿಗೆ ಬರೆದಿದ್ದೀರಂತೆ. ನನ್ನ ಬಗ್ಗೆ ಮೊದಲ ಸಲ ಕೇಳುತ್ತಿರುವ ಹುಡುಗಿಗೆ ಇಷ್ಟೇನಾ ಹೇಳುವುದು? ಮೂವತ್ತು ವರ್ಷ ಲಿಫ್ಟು ಹತ್ತಿಸಿದ್ದೇನೆ, ಒಂದೂ ಬಿದ್ದಿಲ್ಲ, ಅದನ್ನೂ ಒಂದು ಸಾಲು ಸೇರಿಸಬಹುದಿತ್ತು.

ತಮಾಷೆ ಸಾಕು. ನಮ್ಮ ಕೆಲಸದಲ್ಲಿ ಒಂದು ಮಾತಿದೆ: ಒಳಗೆ ಸಿಕ್ಕಿಕೊಂಡವರಿಗೆ ಮೊದಲು ಹೊರಗಿನಿಂದ ಧ್ವನಿ ಕೊಡಬೇಕು, ಆಮೇಲೆ ಸ್ಪ್ಯಾನರು ಹಿಡಿಯಬೇಕು. ನೀವು ಸ್ಪ್ಯಾನರು ಹಿಡಿದು ಕೂತಿದ್ದೀರಿ, ಧ್ವನಿ ಕೊಟ್ಟಿಲ್ಲ. ಅವಳಿಗೆ ನಿಜ ಹೇಳಿ. ಅವಳು ಬೇಡ ಅಂದರೆ ನಾನು ಬೇಸರ ಮಾಡಿಕೊಳ್ಳುತ್ತೇನೆ, ಜಗಳ ಮಾಡುವುದಿಲ್ಲ. ಆದರೆ ಅವಳು ತನ್ನ ಕೈಯಾರೆ ಕತ್ತರಿಸಿ ಅಂಟಿಸಿದ ಮೇಲೆ ಗೊತ್ತಾದರೆ ಅದು ನಮ್ಮಿಬ್ಬರಿಗೂ ಒಳ್ಳೆಯದಲ್ಲ.

ಕೈಗವಸು ಹಾಕುತ್ತಿದ್ದೇನೆ.

ಲಿಫ್ಟಿನವನು

ಸೆಪ್ಟೆಂಬರ್ ೨

ಅಮ್ಮ,

ಇವತ್ತು ಭಾನುವಾರ, ಬೆಳಿಗ್ಗೆಯಿಂದ ಮೆಶಿನ್ ಬಿಟ್ಟು ಎದ್ದಿಲ್ಲ, ಎಷ್ಟು ಮಜಾ ಬಂತು ಎಂದರೆ ಊಟದ ಗಂಟೆ ಹೊಡೆದದ್ದೂ ಕೇಳಲಿಲ್ಲ! ನೀನು ಬರೆದದ್ದನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಬದಲಾಯಿಸಿದೆ. ಜಡೆಯ ಹನಿ ತೆಗೆದೆ. ಅದರ ಜಾಗಕ್ಕೆ ಸಣ್ಣ ವೃತ್ತ, ಅದೇ ಗಂಟು. ಬೂದು ಕಾಗದದಿಂದ ಎಲೆಯ ಅತಿ ಸಣ್ಣ ಡೈ ಕತ್ತರಿಸಿ ಹಣೆಯ ಮೇಲೆ ಇಟ್ಟೆ, ಬೆಳ್ಳಗಾದ ಕೂದಲು ಹೇಗೆ ಬಂತು ಅಂತೀಯಾ! ಗಂಟೆಯ ದೊಡ್ಡ ಸೈಜು ಹಾಕಿದೆ. ಕನ್ನಡಕಕ್ಕೆ ಒಂದರೊಳಗೊಂದು ವೃತ್ತ ಇಟ್ಟು ಕತ್ತರಿಸಿದರೆ ಕೂದಲೆಳೆಯಷ್ಟು ಉಂಗುರ ಸಿಗುತ್ತದೆ, ಅಂಥ ಎರಡು. ಇಕ್ಕಳದಿಂದ ಹಿಡಿದು ಉಸಿರು ಬಿಗಿಹಿಡಿದು ಅಂಟಿಸಿದೆ. ಮೂಗಿನ ತುದಿಗೆ ಜಾರಿಸಿದೆ.

ಕೊನೆಗೆ ಎಡಭುಜ. ಗಂಟೆಯನ್ನು ತುಸು ಓರೆ ಮಾಡಿದರೆ ಸಾಕು ಅಂದುಕೊಂಡೆ. ಓರೆ ಮಾಡಿದೆ. ಮೆಟ್ಟಿಲಿಗೆ ಅಂಟಿಸಿದೆ, ಪಕ್ಕದಲ್ಲಿ ಮದುಮಗನನ್ನೂ. ಕಾರ್ಡು ಮುಚ್ಚಿ ನೋಡಿದೆ, ಈ ಸಲ ತಲೆ ಒಳಗೇ ಇತ್ತು. ಖುಷಿಯಿಂದ ಪೆನ್ಸಿಲ್ ಕೈಗೆ ಕೊಟ್ಟೆ.

ಅವಳು ತೆರೆದಳು. "ಅಯ್ಯೋ!" ಅನ್ನಲಿಲ್ಲ. ನನ್ನ ಮೇಜಿನ ಮೇಲಿರುವ ನಿನ್ನ ಫೋಟೋ ನೋಡಿದಳು. ಮತ್ತೆ ಕಾರ್ಡು ನೋಡಿದಳು. "ಏ, ಇದು ನಿಮ್ಮಮ್ಮ ಅಲ್ವಾ?"

ಅಮ್ಮ, ಈ ಮದುವೆ ಯಾರದು?

ಅಳಿಲು

ಸೆಪ್ಟೆಂಬರ್ ೬

ಕಂದಾ,

ನನ್ನದು.

ಈ ಒಂದು ಪದ ಬರೆಯಲು ಜುಲೈ ತಿಂಗಳಿನಿಂದ ಕೂತಿದ್ದೇನೆ. ನೀನು ಅಳತೆ ಕೇಳಿದಾಗ ಬೇರೆ ಯಾರದಾದರೂ ಹೇಳಬಹುದಿತ್ತು. ಹೇಳಲಿಲ್ಲ. ಕಾಗದದಲ್ಲಿ ಬರೆಯಲಾಗದ್ದನ್ನು ನಿನ್ನ ಕತ್ತರಿಯೇ ಕಂಡುಹಿಡಿಯಲಿ ಎಂದು ಒಳಗೊಳಗೇ ಆಸೆಪಟ್ಟಿರಬೇಕು. ಅದು ಹೇಡಿತನ. ಗೊತ್ತು.

ಅವರು ಲಿಫ್ಟು ರಿಪೇರಿ ಮಾಡುವವರು. ಎರಡು ವರ್ಷದ ಹಿಂದೆ ನಾನು ಪರದೆಯ ಗಂಟು ಹೊತ್ತು ಲಿಫ್ಟಿನಲ್ಲಿ ಸಿಕ್ಕಿಬಿದ್ದೆ. ಕತ್ತಲೆ. ಮೇಲಿನಿಂದ ಒಬ್ಬರು, "ಹೆದರ್ಬೇಡಿ ಮೇಡಂ, ಬಿಡಿಸ್ತೀನಿ, ಅಲ್ಲೀತನಕ ಏನಾದ್ರೂ ಮಾತಾಡ್ತಾ ಇರಿ" ಅಂದರು. "ಏನು ಮಾತಾಡ್ಲಿ?" ಅಂದೆ. "ಕೈಯಲ್ಲಿ ಏನಿದೆ?" ಅಂದರು. ಪರದೆ ಅಂದೆ. ಯಾವ ಬಣ್ಣ ಅಂದರು. ಅಳಿಲೇ, ಎಷ್ಟೋ ವರ್ಷಗಳಿಂದ ಪರದೆ ಹೊಲಿಯುತ್ತಿದ್ದೇನೆ, ಬೆಲೆ ಕೇಳುವವರಿದ್ದಾರೆ, ಯಾವತ್ತು ಆಗುತ್ತೆ ಎಂದು ಕೇಳುವವರಿದ್ದಾರೆ. ಅವತ್ತು ನಾನು ಆ ಕತ್ತಲೆಯಲ್ಲಿ ಕೂತು ನೀಲಿಯ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಬಾಗಿಲು ತೆರೆದಾಗ ಅವರ ಮುಖದ ತುಂಬ ಗ್ರೀಸು. "ನಾನು ಅಂದ್ಕೊಂಡ ನೀಲಿನೇ" ಅಂದರು.

ನಿನ್ನ ಮನೆ, ನಿನ್ನ ಬಾಗಿಲು, ನೀನು ಬರೆದ ಆ ಸಾಲು ನನಗೆ ಗೊತ್ತಿದೆ. ನೀನು ಬೇಡ ಎಂದರೆ ಬೇಡ. ಇದು ಬಾಯಿಮಾತಲ್ಲ, ಅವರಿಗೂ ಹೇಳಿದ್ದೇನೆ. ನಿನ್ನನ್ನು ಒಮ್ಮೆ ಕಳಿಸಿದ್ದೇನೆ, ಕೇಳದೆ. ಎರಡನೇ ಸಲ ಕೇಳದೆ ಏನೂ ಮಾಡುವುದಿಲ್ಲ.

ನಿನ್ನ ಅಮ್ಮ

ಸೆಪ್ಟೆಂಬರ್ ೨೫

ಅಳಿಲೇ,

ಕಾಗದ ಬರಲಿಲ್ಲ. ಫೋನು ಮಾಡಿದರೆ "ಊಟ ಆಯ್ತು" ಅಂದೆ. ಶಾಲೆಯ ಹಾಸ್ಟೆಲಿನಲ್ಲಿ ಫೋನು ಬಿಡುತ್ತಿರಲಿಲ್ಲವೆಂದು ಕಾಗದ ಶುರುಮಾಡಿದೆವು, ಈಗ ನೋಡಿದರೆ ನಮಗಿಬ್ಬರಿಗೂ ಮಾತು ಬರುವುದು ಕಾಗದದಲ್ಲೇ. ಬೈಯುವುದಿದ್ದರೂ ಕಾಗದದಲ್ಲೇ ಬೈ. ಇದರೊಳಗೆ ನೀಲಿ ಪರದೆಯ ಚೂರುಗಳಿವೆ, ಕಾರ್ಡಿಗೆ ಬೇಕಾಗಬಹುದು. ಯಾರ ಕಾರ್ಡಿಗಾದರೂ ಸರಿ.

ಅಮ್ಮ

ಅಕ್ಟೋಬರ್ ೭

ಅಮ್ಮ,

ಇದು ನಾಲ್ಕನೇ ಕಾಗದ. ಮೊದಲ ಮೂರನ್ನು ಹರಿದುಹಾಕಿದೆ. ಒಂದರಲ್ಲಿ ಬರೀ ಕೋಪವಿತ್ತು, ಇನ್ನೊಂದರಲ್ಲಿ ನಾನು ದೊಡ್ಡವಳ ಹಾಗೆ "ನಿನ್ನ ಖುಷಿಯೇ ನನ್ನ ಖುಷಿ" ಎಂದು ಬರೆದಿದ್ದೆ, ಓದಿದರೆ ನನಗೇ ನಾಚಿಕೆಯಾಯಿತು. ಮೂರನೆಯದು ಕೇಳಬೇಡ.

ನಿಜ ಹೇಳುತ್ತೇನೆ. ನನಗೆ ಅವರ ಮೇಲೆ ಕೋಪವಿಲ್ಲ, ಅವರು ಯಾರೆಂದೇ ಗೊತ್ತಿಲ್ಲ. ನನ್ನ ಹೊಟ್ಟೆಯುರಿ ಬೇರೆ. ಹಾಸ್ಟೆಲಿನಲ್ಲಿ ಪ್ರತಿ ರಾತ್ರಿ ದೀಪ ಆರಿದ ಮೇಲೆ ನಾನು ಆ ಮನೆಯನ್ನು ಕಟ್ಟುತ್ತಿದ್ದೆ. ಇವತ್ತು ಅಡುಗೆಮನೆ, ನಾಳೆ ಕಿಟಕಿ, ಹಾಗೆ. ನೀನು ಸಹ ಅಲ್ಲಿ ಕಟ್ಟುತ್ತಿದ್ದೀಯ ಅಂದುಕೊಂಡಿದ್ದೆ. ರಜೆಗೆ ಬಂದಾಗ ನೀನು ನಡುಮನೆಯಲ್ಲಿ ನನಗೆ ಹಾಸಿಗೆ ಹಾಸುತ್ತಿದ್ದೆ, ಹೋಗುವಾಗ ಸುತ್ತಿಡುತ್ತಿದ್ದೆ. ನಾನು ಬಾಗಿಲು ದಾಟುವ ಮೊದಲೇ ಆ ಹಾಸಿಗೆ ಅಟ್ಟ ಸೇರುತ್ತಿತ್ತು. ಅದು ಜಾಗ ಸಾಲದ್ದಕ್ಕೆ ಎಂದು ಗೊತ್ತು. ಆದರೂ ನಾನು ನಮ್ಮ ಮನೆಗೆ ನೆಂಟಳು ಅನ್ನಿಸುತ್ತಿತ್ತು. ಈಗ ಇನ್ನೊಬ್ಬರ ಮನೆಗೂ ನೆಂಟಳಾಗಬೇಕಾ? ಅಷ್ಟೇ ನನ್ನ ಹೆದರಿಕೆ. ಬರೆದಾಯಿತು, ಪೆನ್ಸಿಲ್ ನೀರು ತಂದುಕೊಟ್ಟಳು.

ಈಗ ಇನ್ನೊಂದು ಕೇಳು. ಈ ಒಂದು ತಿಂಗಳು ಆ ಕಾರ್ಡನ್ನು ಡ್ರಾಯರಿನಲ್ಲಿ ಮುಚ್ಚಿಟ್ಟಿದ್ದೆ. ನಿನ್ನೆ ತೆಗೆದೆ. ತೆರೆದೆ, ನೀನು ಎದ್ದು ನಿಂತೆ. ಪಕ್ಕದಲ್ಲಿ ದೋಣಿಯ ಕೋಟು ಹಾಕಿದ ಮನುಷ್ಯ, ನಿನಗಿಂತ ಎರಡು ಬೆರಳು ಗಿಡ್ಡ. ನಾನು ಅವರನ್ನು ಕೊನೆಯಲ್ಲಿ ಅಂಟಿಸಿದ್ದೆ. ನಿನ್ನ ಎಡಭುಜ ಇಳಿದಿದೆಯಲ್ಲ, ಅಲ್ಲಿ ಸಹಜವಾಗಿ ಒಂದು ಸಂದು ಉಳಿದಿತ್ತು. ಅವರನ್ನು ಇಡಲು ಬೇರೆಲ್ಲೂ ಜಾಗವಿರಲಿಲ್ಲ. ಅವರ ಭುಜ ಸರಿಯಾಗಿ ನಿನ್ನ ಭುಜದ ಕೆಳಗೇ ಕೂತಿದೆ, ಭಾರಕ್ಕೆ ಆಸರೆ ಕೊಟ್ಟ ಹಾಗೆ. ನಾನು ಯೋಚಿಸಿ ಮಾಡಿದ್ದಲ್ಲ, ಅಮ್ಮ. ಅಳತೆ ಹಾಗಿತ್ತು. ನೋಡುತ್ತಾ ನೋಡುತ್ತಾ ನನಗೆ ಏಕೋ ವಿಪರೀತ ನಗು ಬಂತು. ನಮ್ಮಮ್ಮನಿಗೆ ಮದುವೆ! ಕಾರಿಡಾರಿಗೆ ಹೋಗಿ ಜೋರಾಗಿ ಹೇಳಿದೆ. ಬಾಗಿಲುಗಳೆಲ್ಲ ತೆರೆದವು. "ಯಾರಿಗೆ? ಯಾರಿಗೆ?" "ನಮ್ಮಮ್ಮನಿಗೆ!" ಕುಣಿದದ್ದು ನಾನೊಬ್ಬಳೇ ಅಲ್ಲ. ಕೆಳಗಿನವರು ಪೊರಕೆ ಹಿಡಿದು ಮೇಲೆ ಬಂದು, ವಿಷಯ ಕೇಳಿ, ಪೊರಕೆ ಸಮೇತ ಕುಣಿದರು.

ಆದರೆ ಹ್ಞೂಂ ಎಂದು ಇನ್ನೂ ಅಂದಿಲ್ಲ. ಹಾಗೆಲ್ಲ ಸುಲಭಕ್ಕೆ ಹೆಣ್ಣು ಕೊಡುವುದಿಲ್ಲ. ಹುಡುಗನನ್ನು ವಿಚಾರಿಸಬೇಕು. ಅವರ ವಿಳಾಸ ಕೊಡು. ಬೇಡ, ಪ್ರಶ್ನೆಗಳನ್ನು ಇದರೊಳಗೇ ಇಟ್ಟಿದ್ದೇನೆ, ನೀನು ಓದದೆ ಕಳಿಸು. ಓದುತ್ತೀಯ ಎಂದು ಗೊತ್ತು.

ಅಳಿಲು

ಅಕ್ಟೋಬರ್ ೧೯

ಮೇಡಂ ಅವರ ಮಗಳಿಗೆ,

ನೀನು ಎನ್ನಲೋ ನೀವು ಎನ್ನಲೋ ತಿಳಿಯದೆ ಎರಡು ದಿನ ಕಾಗದ ಮುಟ್ಟಲಿಲ್ಲ. ವಿಚಾರಣೆ ಮಾಡುವವರು ನೀವು, ಹಾಗಾಗಿ ಸದ್ಯಕ್ಕೆ ನೀವು ಎಂದೇ ಇರಲಿ.

ಸಂಬಳ, ಚಟ, ಕಾಯಿಲೆ ಇವನ್ನು ಕೇಳುತ್ತೀರಿ ಎಂದು ತಯಾರಾಗಿದ್ದೆ. ನೀವು ಅದ್ಯಾವುದನ್ನೂ ಕೇಳಿಲ್ಲ.

ನಿಮ್ಮಮ್ಮ ಕೋಪ ಬಂದಾಗ ಏನು ಮಾಡುತ್ತಾರೆ ಎಂದು ಕೇಳಿದ್ದೀರಿ. ಹೊಲಿಗೆ ಬಿಚ್ಚುತ್ತಾರೆ. ಸರಿಯಾಗಿರುವ ಹೊಲಿಗೆಯನ್ನೂ ಬಿಚ್ಚುತ್ತಾರೆ. ಸೆಪ್ಟೆಂಬರಿನಲ್ಲಿ ನಿಮ್ಮ ಕಾಗದ ಬಾರದಾಗ ಒಂದು ಇಡೀ ಪರದೆ ಬಿಚ್ಚಿ ಮತ್ತೆ ಹೊಲಿದರಂತೆ.

ಅವರು ಸುಳ್ಳು ಹೇಳುವಾಗ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದೀರಿ. "ಏನಿಲ್ಲ" ಎನ್ನುತ್ತಾರೆ. ಒಂದು ಸಲ ಅಂದರೆ ಏನೋ ಇದೆ, ಎರಡು ಸಲ ಅಂದರೆ ಬಹಳ ಇದೆ.

ನನಗೆ ಭಯ ಯಾವುದರದು ಎಂದು ಕೇಳಿದ್ದೀರಿ. ಎತ್ತರದ್ದಲ್ಲ. ನಿಮ್ಮದು. ಈ ಕಾಗದವನ್ನು ಮಡಿಚಿ ಲಕೋಟೆಗೆ ಹಾಕುವಾಗಲೂ ಅದೇ ಭಯ.

ಕೊನೆಯ ಪ್ರಶ್ನೆ, ಮನೆಯಲ್ಲಿ ನಿಮ್ಮ ಜಾಗ ಎಲ್ಲಿ ಎಂಬುದು. ಅದನ್ನು ಓದಿದ ಮೇಲೆ ನಿಮ್ಮಮ್ಮ "ಏನಿಲ್ಲ" ಎಂದು ಮೂರು ಸಲ ಅಂದರಂತೆ. ನಾವು ನೋಡಿರುವುದು ಎರಡು ಕೋಣೆಯ ಮನೆ. ರಸ್ತೆ ಕಡೆಯ ಕೋಣೆಗೆ ಒಳ್ಳೆಯ ಬೆಳಕಿದೆ, ಅದು ನಿಮ್ಮದು. ನೀವು ಇದ್ದರೂ ಇಲ್ಲದಿದ್ದರೂ ನಿಮ್ಮದೇ. ಅಲ್ಲಿ ಹಾಸಿಗೆ ಸುತ್ತಿಡುವ ಅಟ್ಟ ಇಲ್ಲ, ಇದ್ದರೆ ನಾನೇ ಕಿತ್ತುಹಾಕುತ್ತಿದ್ದೆ. ಕಿಟಕಿಯ ಕೆಳಗೆ ಒಂದು ಮೇಜು ಮಾಡುತ್ತಿದ್ದೇನೆ, ಮರ ಕೊಯ್ದಾಗಿದೆ, ಕಾಲು ಮಾತ್ರ ಕೂಡಿಸಿಲ್ಲ. ನಿಮ್ಮ ಮೆಶಿನಿನ ಹಿಡಿ ತಿರುಗಿಸುವಾಗ ನಿಲ್ಲುತ್ತೀರೋ, ಕೂರುತ್ತೀರೋ? ಎಷ್ಟು ಎತ್ತರ ಬೇಕು? ಇದು ಲಂಚವಲ್ಲ. ನೀವು ಮದುವೆ ಬೇಡ ಅಂದರೂ ಮೇಜು ಕಳಿಸಿಕೊಡುತ್ತೇನೆ. ಅಳತೆ ತಿಳಿಯದೆ ಕೆಲಸ ನಿಂತಿದೆ.

ಲಿಫ್ಟಿನವನು

ನವೆಂಬರ್ ೨

ಅಮ್ಮನಿಗೂ ಲಿಫ್ಟಿನವರಿಗೂ,

ಇಬ್ಬರಿಗೂ ಸೇರಿಸಿ ಒಂದೇ ಕಾಗದ, ಇನ್ನು ಮೇಲೆ ಅಭ್ಯಾಸ ಮಾಡಿಕೊಳ್ಳಿ. ಪಾರ್ಸಲ್ ಹುಷಾರಾಗಿ ಬಿಚ್ಚಿ, ಮೊದಲು ಈ ಕಾಗದ, ಆಮೇಲೆ ಕಾರ್ಡು! ಈ ಸಲ ಮೇಲೇ ಬರೆದಿದ್ದೇನೆ.

ಮೇಜು ನನ್ನ ಸೊಂಟದ ಎತ್ತರಕ್ಕೆ ಬರಲಿ, ನಾನು ನಿಂತೇ ತಿರುಗಿಸುವುದು. ಸೊಂಟ ಎಷ್ಟು ಎತ್ತರ ಎಂದು ಅಮ್ಮನಿಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಮದುವೆಗೆ ಹದಿನೆಂಟನೇ ತಾರೀಖು ಬರುತ್ತೇನಲ್ಲ, ಟೇಪು ಹಿಡಿದು ಅಳೆಯಲಿ. ಮತ್ತೆ ಸರ್, ಇಲ್ಲ, ಅಂಕಲ್, ಅದೂ ಇಲ್ಲ. ಏನೆಂದು ಕರೆಯಬೇಕೆಂದು ಬಂದ ಮೇಲೆ ನೋಡೋಣ, ಆದರೆ ನನ್ನನ್ನು ನೀನು ಎನ್ನಿ. ವಿಚಾರಣೆ ಮುಗಿಯಿತು.

ಕಾರ್ಡುಗಳೆಲ್ಲ ಮುಗಿದವು! ಇಡೀ ಮಹಡಿ ಸೇರಿತ್ತು. ಒಬ್ಬಳು ಗೆರೆ ಒತ್ತಿದಳು, ಒಬ್ಬಳು ಎಲೆ ಮೊಹರು ಹಾಕಿದಳು, ಪೆನ್ಸಿಲ್ ಕನ್ನಡಕದ ಉಂಗುರ ಅಂಟಿಸಿ ಅಂಟಿಸಿ ತನಗೇ ಕನ್ನಡಕ ಬೇಕು ಅನ್ನುತ್ತಿದ್ದಾಳೆ. ಲಿಫ್ಟಿನವರ ನೆತ್ತಿಯನ್ನು ಎಲ್ಲ ಕಾರ್ಡಿನಲ್ಲೂ ಹೊಳೆಯುವ ಕಾಗದದಲ್ಲಿ ಮಾಡಿದ್ದೇವೆ, ಕೋಪ ಮಾಡಿಕೊಳ್ಳಬಾರದು.

ಅಕ್ಷರಗಳ ಮೊಹರನ್ನು ಮಾತ್ರ ಯಾರಿಗೂ ಮುಟ್ಟಲು ಬಿಡಲಿಲ್ಲ, ನಾನೇ ಕೆತ್ತಿದೆ. ರಬ್ಬರಿನಲ್ಲಿ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಾಮುರುಗಾ ಕೆತ್ತಬೇಕು, ಎರಡು ರಬ್ಬರು ಹಾಳಾದವು. ಅಮ್ಮ, ಲಿಫ್ಟಿನವರ ಉತ್ತರ ಓದಿ ನಾನು ಕೇಳಿದ ಕೂಡಲೇ ನೀನು ಬರೆದು ಕಳಿಸಿದ ಒಕ್ಕಣೆಯಲ್ಲಿ "ಆತ್ಮೀಯರು ದಯವಿಟ್ಟು ಆಗಮಿಸಬೇಕಾಗಿ ವಿನಂತಿ" ಎಂದಿತ್ತು. ಯಾರು ಕರೆಯುತ್ತಿದ್ದಾರೆ ಎಂಬುದೇ ಇರಲಿಲ್ಲ, ಯಾವುದೋ ಆಫೀಸಿನ ನೋಟೀಸಿನ ಹಾಗೆ. ನಿನ್ನ ಮದುವೆಗೆ ಜನರನ್ನು ಕರೆಯಲು ನಿನ್ನ ಕಡೆಯಿಂದ ಯಾರಿದ್ದಾರೆ ಎಂದು ಯೋಚಿಸಿದೆ. ಹಾಗಾಗಿ ಕೇಳದೆ ಬದಲಾಯಿಸಿದ್ದೇನೆ. ಹೆಸರು, ತಾರೀಖು, ಜಾಗ ಹಿಂಬದಿಯಲ್ಲಿವೆ. ಎಲ್ಲ ಕಾರ್ಡಿನಲ್ಲೂ ನಿಮ್ಮಿಬ್ಬರ ಕೆಳಗೆ ನೀಲಿ ಇಂಕಿನಲ್ಲಿ ಇಷ್ಟಿದೆ, ಓದಿ:

"ನನ್ನ ಅಮ್ಮನ ಮದುವೆ. ನೀವು ಬರಲೇಬೇಕು.
ಕರೆಯುವವಳು: ಮಗಳು."